ಎದುರುಮನೆ ಶೈಲಜಳಿಗೆ ‘ಗೆಟ್’ ಕಲಿಸಿದ್ದು

ಇಂಗ್ಲಿಷಿನಲ್ಲಿ ‘ಗೆಟ್’ ಎಂಬ ಕ್ರಿಯಾಪದವೊಂದಿದೆ. ಮೂರೇ ಅಕ್ಷರದ್ದು. ಅದಕ್ಕಿರುವ ಅರ್ಥಗಳನ್ನು ನಮ್ಮ ಹುತ್ತೂರು ಹೋಬಳಿಯಲ್ಲಿ ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲ ಎಂದು ಹೇಳಿಕೊಂಡರೆ ಅದು ಜಂಬವಲ್ಲ. ಬೇರೆ ಯಾರೂ ಆ ಕೆಲಸಕ್ಕೆ ಇಳಿದಿಲ್ಲ, ಅಷ್ಟೆ.

ನಾನು ಮೂವತ್ತೆರಡು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವನು. ಮೊದಲ ಹನ್ನೊಂದು ವರ್ಷ ತಾಯಲೂರಿನ ಕಡೆ. ಆಂಧ್ರದ ಗಡಿ ಹತ್ತಿರವಾದ್ದರಿಂದ ಅಲ್ಲಿನ ಮಕ್ಕಳಿಗೆ ಇಂಗ್ಲಿಷನ್ನು ತೆಲುಗಿನಲ್ಲಿ ಕಲಿಸುತ್ತಿದ್ದೆ. ‘ಗೋ ಅಂಟೇ ಪೋ, ಕಮ್ ಅಂಟೇ ರಾ.’ ಕೋಲಾರದ ಕಡೆಗೆ ವರ್ಗವಾದ ಮೇಲೆ ಕನ್ನಡದಲ್ಲಿ ಕಲಿಸಿದೆ. ಇಂಗ್ಲಿಷನ್ನು ಇಂಗ್ಲಿಷಿನಲ್ಲಿ ಕಲಿಸುವ ಪ್ರಸಂಗ ನಿವೃತ್ತಿಯವರೆಗೂ ಒದಗಿ ಬರಲಿಲ್ಲ.

ಈ ಅವಧಿಯಲ್ಲಿ ಬಿಡುವಾದಾಗಲೆಲ್ಲ ಒಂದು ನೋಟ್ ಪುಸ್ತಕದಲ್ಲಿ ಗೆಟ್‌ನ ಪ್ರಯೋಗಗಳನ್ನು ಸಂಗ್ರಹಿಸುತ್ತಾ ಹೋದೆ. ಗೆಟ್ ಅಪ್ ಎಂದರೆ ಏಳುವುದು. ಗೆಟ್ ಇನ್ ಎಂದರೆ ಒಳಗೆ ಬರುವುದು. ಗೆಟ್ ಮ್ಯಾರೀಡ್ ಎಂದರೆ ಮದುವೆಯಾಗುವುದು. ಗೆಟ್ ಓವರ್ ಎಂದರೆ ಅದರಿಂದ ಚೇತರಿಸಿಕೊಳ್ಳುವುದು. ನಿವೃತ್ತಿಯ ದಿನಕ್ಕೆ ಒಟ್ಟು ನೂರ ಹದಿನಾಲ್ಕು ಪ್ರಯೋಗಗಳಾಗಿದ್ದವು. ಆ ಪುಸ್ತಕ ತೋರಿಸಿ ಎಂದು ಕೇಳಿದವರು ಮಾತ್ರ ಒಬ್ಬರೂ ಇರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಎದುರುಮನೆಯ ಶೈಲಜ ಬಂದು ನಮ್ಮ ಜಗುಲಿಯ ತುದಿಯಲ್ಲಿ ಕೂತಳು. ಮುನಿಯಮ್ಮನ ಸೊಸೆ. ಮನೆಯಲ್ಲಿ ರೇಷ್ಮೆಹುಳು ಸಾಕುತ್ತಾರೆ. ಇವಳು ನರಸಾಪುರದ ಒಂದು ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ವಾರಕ್ಕೊಂದು ಶಿಫ್ಟು. ಈಗ ಒಂದು ಸಾಲಿನ ಕೆಲಸದವರನ್ನು ನೋಡಿಕೊಳ್ಳುವ ಲೈನ್ ಲೀಡರ್ ಹುದ್ದೆ ಒಂದು ಖಾಲಿಯಾಗಿದೆಯಂತೆ. ಅದು ಸಿಕ್ಕರೆ ಬೆಳಗ್ಗೆ ಹೋಗಿ ಸಂಜೆ ಬರುವ ಜನರಲ್ ಶಿಫ್ಟಿನ ಕೆಲಸವಂತೆ, ಶಿಫ್ಟು ಬದಲಾಗುವುದಿಲ್ಲವಂತೆ. ಆದರೆ ಮ್ಯಾನೇಜರಿಗೆ ಕನ್ನಡ ಬರುವುದಿಲ್ಲ. ಇಂಟರ್‌ವ್ಯೂ ಇಂಗ್ಲಿಷಿನಲ್ಲಿ.

“ದಿನಾ ಅರ್ಧ ಗಂಟೆ ನನ್ನ ಜೊತೆ ಇಂಗ್ಲಿಷಲ್ಲಿ ಮಾತಾಡಿ ಸಾರ್, ಸಾಕು. ಧೈರ್ಯ ಬರ್ತದೆ,” ಎಂದಳು. ಆಮೇಲೆ ತಮ್ಮ ಮನೆ ಬಾಗಿಲ ಕಡೆ ನೋಡಿ, “ಮಗು ನಮ್ಮತ್ತೇನ ಅಮ್ಮ ಅಂತ ಕರೀತಾಳೆ. ನನ್ನ ಹೆಸರು ಹಿಡಿದು ಕರೀತಾಳೆ,” ಎಂದಳು. ಅದಕ್ಕೇ ಅವಳಿಗೆ ಆ ಹುದ್ದೆ ಬೇಕಾಗಿತ್ತು.

ನನಗೆ ಕರುಳು ಚುರುಕ್ ಎಂದಿತು. ಅಷ್ಟು ಮಾತ್ರ ಆಗಿದ್ದರೆ ಎಲ್ಲ ನೆಟ್ಟಗಿರುತ್ತಿತ್ತು. ನಾನು ಅಷ್ಟಕ್ಕೆ ನಿಲ್ಲಲಿಲ್ಲ. ಫ್ಯಾಕ್ಟರಿಯಲ್ಲಿ ಹೇಗೆ ಮಾತಾಡ್ತೀಯೋ ಹಾಗೇ ಆಡಿ ತೋರಿಸು ಎಂದೆ. ಅವಳು ಹಿಂದೆ ಮುಂದೆ ನೋಡದೆ ಶುರು ಮಾಡಿದಳು. “ಸಾರ್, ಮೆಷಿನ್ ಸ್ಟಾಪ್. ಬೆಲ್ಟ್ ಕಟ್. ನ್ಯೂ ಬೆಲ್ಟ್ ನಾಟ್ ಗೆಟ್ಟಿಂಗ್. ಐ ಟೆಲ್ ಸ್ಟೋರ್. ದೇ ಸ್ಲೀಪಿಂಗ್.”

ಮೆಷಿನ್ ನಿಂತದ್ದು, ಬೆಲ್ಟ್ ತುಂಡಾದದ್ದು, ಹೊಸದು ಸಿಗದೇ ಇದ್ದದ್ದು, ಸ್ಟೋರಿನವರು ನಿದ್ದೆ ಹೊಡೆಯುತ್ತಿದ್ದದ್ದು, ಎಲ್ಲವೂ ನನ್ನ ಕಣ್ಣಿಗೆ ಕಟ್ಟಿತು. ಆದರೆ ಕಿವಿಗೆ ಬಿದ್ದದ್ದು ‘ನಾಟ್ ಗೆಟ್ಟಿಂಗ್’ ಒಂದೇ. ನಾನು ಎದ್ದು ಒಳಗೆ ಹೋಗಿ ಬೀರುವಿನಿಂದ ನೋಟ್ ಪುಸ್ತಕ ತೆಗೆದುಕೊಂಡು ಬಂದೆ. ನನ್ನ ಹೆಂಡತಿ ಜಯಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು, ಆ ಹುಡುಗಿ ಕೇಳಿದ್ದು ಮಾತಾಡೋಕೆ, ಪುಸ್ತಕ ಯಾಕೆ ಎಂದಳು. ಬುನಾದಿ ಗಟ್ಟಿಯಾಗದೆ ಗೋಡೆ ಏಳುವುದಿಲ್ಲ ಎಂದು ಗಂಭೀರವಾಗಿ ಉತ್ತರಿಸಿದೆ.

ಮಾರನೆಯ ದಿನದಿಂದ ತರಗತಿ. ಇಸ್ತ್ರಿ ಮಾಡಿದ ಅಂಗಿ ಇನ್‌ಷರ್ಟ್ ಮಾಡಿ, ಬೆಲ್ಟು ಕಟ್ಟಿ, ಬೀದಿ ದಾಟಿ ಅವರ ಮನೆಗೇ ಹೋಗುತ್ತಿದ್ದೆ, ಏಕೆಂದರೆ ಕೆಲಸದಿಂದ ಬಂದವಳಿಗೆ ಹುಳಕ್ಕೆ ಸೊಪ್ಪು ಹಾಕುವ ಕೆಲಸ ಇರುತ್ತಿತ್ತು. ಅವಳು ತಟ್ಟೆಯಿಂದ ತಟ್ಟೆಗೆ ಸೊಪ್ಪು ಹಾಕುತ್ತಾ ಹೋಗುವುದು, ನಾನು ಹಿಂದೆ ಹಿಂದೆ ಗೆಟ್ ಹೇಳುತ್ತಾ ಹೋಗುವುದು. ದಿನಕ್ಕೆ ಹತ್ತು. ನೂರ ಹದಿನಾಲ್ಕೂ ಮುಗಿಯುವವರೆಗೆ ಸ್ವಂತ ವಾಕ್ಯ ಮಾಡಕೂಡದು ಎಂದು ಕಟ್ಟಪ್ಪಣೆ ಮಾಡಿದೆ. ಮೂರನೆಯ ದಿನ ಅವಳು ಯೋಚಿಸುತ್ತಾ ಒಂದೇ ತಟ್ಟೆಗೆ ಎರಡು ಸಲ ಹಾಕಿ, ಪಕ್ಕದ್ದನ್ನು ಮರೆತಳು. ಮುನಿಯಮ್ಮ ನನ್ನ ಮುಖ ನೋಡಿ, “ಏನ್ ಮೇಷ್ಟ್ರೇ, ಹುಳಾನೂ ಪಾಸಾಗ್ಬೇಕಾ?” ಎಂದರು.

ವಾರ ಕಳೆಯುವಷ್ಟರಲ್ಲಿ ಶೈಲಜ ಫ್ಯಾಕ್ಟರಿಯಲ್ಲಿ ಇಂಗ್ಲಿಷ್ ಮಾತಾಡುವುದನ್ನು ನಿಲ್ಲಿಸಿದ್ದಳು. ಮೆಷಿನ್ ನಿಂತರೆ ಪಕ್ಕದವಳ ಕೈಲಿ ಹೇಳಿಸುತ್ತಿದ್ದಳಂತೆ. ಜೊತೆಯವರು ಇವಳಿಗೆ ಈಗಲೇ ಕೊಬ್ಬು ಬಂದಿದೆ ಎಂದುಕೊಂಡರಂತೆ. ಇದನ್ನೆಲ್ಲ ಅವಳು ಅಳುಕುತ್ತಲೇ ಹೇಳಿದಳು. ತಪ್ಪು ಮಾತಾಡುವುದಕ್ಕಿಂತ ಮೌನ ಮೇಲು, ಇದು ಪ್ರಗತಿಯ ಲಕ್ಷಣ ಎಂದು ನಾನು ಅವಳ ಬೆನ್ನು ತಟ್ಟಿದೆ.

ಇಂಟರ್‌ವ್ಯೂ ದಿನ ಬಂತು. ಅವಳು ಸಂಜೆ ಬಸ್ಸಿಳಿದು ಸೀದಾ ನಮ್ಮ ಮನೆಗೆ ಬಂದಳು. ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆಯಂತೆ: ನಿಧಾನವಾಗಿ ಕೆಲಸ ಮಾಡುವವರಿಂದ ಕೆಲಸ ಹೇಗೆ ತೆಗೆಸುತ್ತೀಯ? ಅದರಲ್ಲಿ ಒಂದು ಗೆಟ್ ಇತ್ತಂತೆ. ಅದು ಎಷ್ಟನೆಯ ಗೆಟ್ ಎಂದು ಇವಳು ಹುಡುಕಲು ಶುರು ಮಾಡಿದಳು. ಅರವತ್ತರ ಆಸುಪಾಸಿನವರೆಗೆ ಹೋಗಿದ್ದಳಂತೆ. ಅಷ್ಟರಲ್ಲಿ ಅವರು ಗಡಿಯಾರ ನೋಡಿ, ಪರವಾಗಿಲ್ಲ, ಶನಿವಾರದವರೆಗೂ ಬೇರೆಯವರನ್ನು ನೋಡುತ್ತೇನೆ ಎಂದರಂತೆ.

“ಮೊದ್ಲು ತಪ್ಪೋ ಒಪ್ಪೋ ಮಾತಾಡ್ತಿದ್ದೆ ಸಾರ್,” ಎಂದಳು. “ಈಗ ಬಾಯಿ ತೆಗೆಯೋಕೆ ಮೊದ್ಲೇ ಅದು ತಪ್ಪು ಅಂತ ಗೊತ್ತಾಗ್ಬಿಡ್ತದೆ.”

ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ದನಿಯಲ್ಲಿ ಕೋಪವೇ ಇರಲಿಲ್ಲ. ತನ್ನದೇ ದಡ್ಡತನ ಎಂದು ನಂಬಿ ಹೇಳುತ್ತಿದ್ದಳು. ನನಗೆ ನಿಜವಾಗಿ ನಾಚಿಕೆಯಾಯಿತು.

ಅವಳು ಹೋದ ಮೇಲೆ ಜಯಮ್ಮ ಬಟ್ಟೆ ಮಡಚುತ್ತಾ, ನನ್ನ ಕಡೆ ನೋಡದೆಯೇ ಮಾತಾಡಿದಳು. “ರೀ, ನಾವು ‘ಹಾಕು’ ಅಂತ ಎಷ್ಟಕ್ಕೆ ಹೇಳ್ತೀವಿ? ಅನ್ನ ಹಾಕು. ಬೀಗ ಹಾಕು. ಲೈಟ್ ಹಾಕು. ಹುಳಕ್ಕೆ ಸೊಪ್ಪು ಹಾಕು. ಕಣ್ಣೀರು ಹಾಕ್ಬೇಡ. ನನಗೆ ಯಾವ ಮೇಷ್ಟ್ರು ಪಟ್ಟಿ ಬರೆದುಕೊಟ್ಟಿದ್ರು?”

ನಾನು ಕಾಫಿ ಲೋಟ ಹಿಡಿದು ಜಗುಲಿಗೆ ಬಂದೆ. ಕೂತು ಯೋಚಿಸಿದೆ. ಹೌದಲ್ಲ. ನಮ್ಮ ಮಕ್ಕಳಲ್ಲಿ ಯಾರೂ ಬೀಗಕ್ಕೆ ಹಾಕುವ ಹಾಕು ಬೇರೆ, ತಟ್ಟೆಗೆ ಹಾಕುವ ಹಾಕು ಬೇರೆ ಎಂದು ಗೊಂದಲಪಟ್ಟು ಅನ್ನಕ್ಕೆ ಬೀಗ ಹಾಕಲಿಲ್ಲ. ಹಸಿವಾದಾಗ ಒಂದು ಹಾಕು ಬಂತು, ಹೊರಗೆ ಹೊರಟಾಗ ಇನ್ನೊಂದು ಬಂತು. ಬೇಕಾದಾಗ ಬೇಕಾದ್ದು ಬಾಯಿಗೆ ಬಂದು ಕೂತಿತು. ಶೈಲಜಳಿಗೂ ಗೆಟ್ ಹಾಗೆಯೇ, ಬೆಲ್ಟ್ ತುಂಡಾದ ದಿನ ಬಂದಿತ್ತು. ಅದಕ್ಕೆ ಕಾಲಿತ್ತು, ಕೈಯಿತ್ತು, ಕೆಲಸ ಮಾಡುತ್ತಿತ್ತು. ನಾನು ಹೋಗಿ ಅದನ್ನು ಹಿಡಿದು, ನಂಬರು ಬರೆದು, ಸಾಲಾಗಿ ಕೂರಿಸಿದ್ದೆ. ಮೂವತ್ತೆರಡು ವರ್ಷ ತರಗತಿಯಲ್ಲೂ ಇದನ್ನೇ ಮಾಡಿದ್ದೆನೋ ಏನೋ ಎಂಬ ಯೋಚನೆ ಬಂದು ಕಾಫಿ ಆರಿಹೋಯಿತು.

ಇಷ್ಟು ವಿವೇಕ ಉದಯಿಸಿದ ಮೇಲೆ ಸುಮ್ಮನಿರಬೇಕಿತ್ತು. ಆದರೆ ನಾನು ಮಾಡಿದ ತಪ್ಪನ್ನು ನಾನೇ ಸರಿಪಡಿಸುತ್ತೇನೆ, ಮ್ಯಾನೇಜರನ್ನು ಖುದ್ದಾಗಿ ಕಂಡು ಪರಿಸ್ಥಿತಿಯನ್ನು ವಿವರಿಸುತ್ತೇನೆ ಎಂದು ತೀರ್ಮಾನಿಸಿದೆ. ಇಂಗ್ಲಿಷಿನಲ್ಲಿ! ಜಯಮ್ಮ ತಲೆ ಚಚ್ಚಿಕೊಂಡಳು. ಶೈಲಜ ಬೇಡ ಸಾರ್ ಎಂದು ಎರಡು ಸಲ ಹೇಳಿದಳು. ನಾನು ಮಗನ ಮದುವೆಗೆ ಹೊಲಿಸಿದ ಕೋಟು ತೊಟ್ಟು, ಹುತ್ತೂರಿಂದ ಕೋಲಾರಕ್ಕೊಂದು, ಅಲ್ಲಿಂದ ನರಸಾಪುರಕ್ಕೊಂದು ಬಸ್ಸು ಹಿಡಿದು, ಶುಕ್ರವಾರ ಮಧ್ಯಾಹ್ನ ಶಿಫ್ಟು ಬಿಡುವ ಹೊತ್ತಿಗೆ ಕಾರ್ಖಾನೆ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಹಾಜರಾದೆ. ದಾರಿಯುದ್ದಕ್ಕೂ ಭಾಷಣವನ್ನು ಬಾಯಿಪಾಠ ಮಾಡಿದ್ದೆ.

ಮ್ಯಾನೇಜರ್ ದಿನವೂ ಅಲ್ಲಿಗೇ ಟೀಗೆ ಬರುವವರು. ಮೂವತ್ತೈದರ ಆಸುಪಾಸು, ಉತ್ತರದ ಕಡೆಯವರು. ಕೆಲಸ ಮುಗಿಸಿ ಬಂದ ಶೈಲಜ ನನ್ನನ್ನು ತೋರಿಸಿ ನಮ್ಮ ಸರ್ ಎಂದಳು. ಅವರು ನಗುತ್ತಾ ಕೈ ಚಾಚಿ ಏನೋ ಕೇಳಿದರು. ಸರಳ ಇಂಗ್ಲಿಷೇ. ಆದರೆ ಬಹಳ ವೇಗ. ನನ್ನ ಭಾಷಣ ಪೂರ್ತಿ ಹಾರಿಹೋಯಿತು. ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬ ಮನುಷ್ಯ ನನ್ನನ್ನು ಇಂಗ್ಲಿಷಿನಲ್ಲಿ ಮಾತಾಡಿಸಿ, ಉತ್ತರಕ್ಕಾಗಿ ಕಾದು ನಿಂತಿದ್ದ.

ಬಾಯಿ ತೆರೆದೆ. ಮೂವತ್ತೆರಡು ವರ್ಷ ಮಕ್ಕಳಿಗೆ ಬರೆಸಿದ ರಜಾ ಅರ್ಜಿ ತಾನಾಗಿ ಹೊರಬಂತು. “ರೆಸ್ಪೆಕ್ಟೆಡ್ ಸರ್, ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್...”

ಜ್ವರ ಎಂಬುದನ್ನು ಕೇಳಿ ಮ್ಯಾನೇಜರ್ ಗಾಬರಿಯಾದರು. ಕುರ್ಚಿ ಎಳೆದು ನನ್ನನ್ನು ಕೂರಿಸಿದರು. ನೀರು ತರಿಸಿದರು. ಆ ಬಿಸಿಲಲ್ಲಿ ಕೋಟು ತೊಟ್ಟಿದ್ದರಿಂದ ಬೆವರು ಧಾರಾಕಾರ ಇಳಿಯುತ್ತಿತ್ತು, ಅವರಿಗೆ ಪೂರ್ತಿ ನಂಬಿಕೆ ಬಂತು. ಜ್ವರವಿಲ್ಲ ಎನ್ನಲು ನನಗೆ ಇಂಗ್ಲಿಷ್ ಸಿಗಲಿಲ್ಲ.

ಆಗ ಶೈಲಜ ನಡುವೆ ಬಂದಳು. ನಂಬರು ಹುಡುಕಲು ಅವಳಿಗೆ ಪುರಸೊತ್ತಿರಲಿಲ್ಲ. “ನೋ ಫೀವರ್ ಸಾರ್. ಹೀ ಗೆಟ್ಟಿಂಗ್ ಫಿಯರ್. ಹೀ ಗುಡ್ ಮ್ಯಾನ್. ಫಾರ್ ಮೀ ಕಮಿಂಗ್, ಟೂ ಬಸ್. ಹೀ ಟೀಚಿಂಗ್ ಟೂ ಮಚ್, ಮೈ ಮೌತ್ ಲಾಕ್. ಇಂಟರ್‌ವ್ಯೂ ಆಲ್ ಗಾನ್.”

ಮ್ಯಾನೇಜರ್ ಗ್ಲಾಸು ಕೆಳಗಿಟ್ಟು ನಕ್ಕರು. ಆಮೇಲೆ ನಗು ನಿಲ್ಲಿಸಿ, ಹಾಗಾದರೆ ಈಗ ಹೇಳು ಎಂದು ಅದೇ ಪ್ರಶ್ನೆಯನ್ನು ಕೇಳಿದರು. ಶೈಲಜ ಒಂದು ಕ್ಷಣವೂ ತಡಮಾಡಲಿಲ್ಲ. “ಸ್ಲೋ ಗರ್ಲ್, ಐ ನಾಟ್ ಶೌಟಿಂಗ್ ಸಾರ್. ಐ ಸಿಟ್ಟಿಂಗ್ ನೆಕ್ಸ್ಟ್. ಶೀ ಸೀಯಿಂಗ್ ಮೈ ಹ್ಯಾಂಡ್. ಟೂ ಡೇಸ್, ಶೀ ಆಲ್ಸೋ ಫಾಸ್ಟ್.”

ನಿಧಾನದವಳ ಮೇಲೆ ಕೂಗಾಡುವುದಿಲ್ಲ, ಪಕ್ಕದಲ್ಲಿ ಕೂರುತ್ತೇನೆ, ಅವಳು ನನ್ನ ಕೈ ನೋಡುತ್ತಾಳೆ, ಎರಡು ದಿನದಲ್ಲಿ ಅವಳ ಕೈಯೂ ಓಡುತ್ತದೆ. ಕಲಿಸುವುದು ಎಂದರೆ ಏನೆಂದು ಇಷ್ಟು ಚೆನ್ನಾಗಿ ಯಾರೂ ನನಗೆ ಹೇಳಿರಲಿಲ್ಲ. ಮ್ಯಾನೇಜರ್ ತಲೆಯಾಡಿಸಿ, ಸೋಮವಾರ ಜನರಲ್ ಶಿಫ್ಟಿಗೆ ಬಾ ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಅದನ್ನೂ ಅವರು ಜ್ವರ ಎಂದುಕೊಂಡಿರಬೇಕು.

ಹೊರಡುವಾಗ ಅವರು ನನ್ನ ಕಡೆ ಮರ್ಯಾದೆಯಿಂದ ನೋಡಿ, ನಿಮ್ಮ ಸರ್ ಶಾಲೆಯಲ್ಲಿ ಯಾವ ಸಬ್ಜೆಕ್ಟ್ ಹೇಳುತ್ತಿದ್ದರು ಎಂದು ಶೈಲಜಳನ್ನು ಕೇಳಿದರು. ಅವಳು ಬೆವರಿ ತೊಪ್ಪೆಯಾಗಿ ಕೂತಿದ್ದ ನನ್ನನ್ನು ಒಮ್ಮೆ ನೋಡಿದಳು. ನನ್ನ ಮಾನ ಈಗ ಅವಳ ಕೈಯಲ್ಲಿತ್ತು.

“ಮ್ಯಾಥ್ಸ್ ಸಾರ್,” ಎಂದಳು.