ಗುಲಾಬಿ ಕೆನ್ನೆಯ ನಿರುದ್ಯೋಗಿ

ನಿರುದ್ಯೋಗಿಯ ಚಿತ್ರ ಬರೆಯುವುದರಲ್ಲಿ ಕಷ್ಟವೇನಿದೆ? ಎಂಬತ್ತರ ದಶಕದ ಮೊದಲಲ್ಲಿ, ರಾಯಚೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನಾನು ಹೀಗೆ ಎದೆಯುಬ್ಬಿಸಿ ಹೇಳಿದೆ. ಆಗ ನಾನು ಸಿನಿಮಾ ಟಾಕೀಜಿನ ಬೋರ್ಡು ಬರೆಯುವ ಪೇಂಟರ್. ಆಳೆತ್ತರದ ನಾಯಕನನ್ನು ಒಂದೇ ಹಗಲಿನಲ್ಲಿ ನಿಲ್ಲಿಸುತ್ತಿದ್ದೆ. ರಿಪೇರಿಗೆಂದು ಟಾಕೀಜಿನ ಬಾಗಿಲು ಹಾಕಿ ಐದು ತಿಂಗಳಾಗಿತ್ತು, ಅದು ಬೇರೆ ಮಾತು. ಹಾಗಂತ ನಾನೇನೂ ನಿರುದ್ಯೋಗಿಯಲ್ಲ. ಕೆಲಸ ಬಂದಿರಲಿಲ್ಲ, ಅಷ್ಟೆ!

ನಿರುದ್ಯೋಗಿ ಆಗಿದ್ದವನು ನನ್ನ ಹೆಂಡತಿ ಶಿವಮ್ಮನ ತಮ್ಮ ಯಂಕಪ್ಪ. ದೇವದುರ್ಗದಿಂದ ಬಂದು ನಮ್ಮ ಮನೆಯಲ್ಲಿದ್ದುಕೊಂಡು ಹತ್ತಿ ಮಿಲ್ಲಿಗೆ ಹೋಗುತ್ತಿದ್ದ. ಮಿಲ್ಲಿನ ಮಾಲೀಕ ಒಂದು ದಿನ ಇದ್ದಕ್ಕಿದ್ದಂತೆ ಗೇಟಿಗೆ ಬೀಗ ಜಡಿದ. ಮಾನ್ವಿಯಲ್ಲಿ ಯಂಕಪ್ಪನಿಗೆ ಗೊತ್ತು ಮಾಡಿದ್ದ ಹೆಣ್ಣಿನ ಕಡೆಯವರು, "ಮಿಲ್ಲಿನ ಬಾಗ್ಲ ತೆರೀಲಿ, ಆಮ್ಯಾಲ ಲಗ್ನದ ಮಾತು" ಎಂದುಬಿಟ್ಟರು. ಅಂದಿನಿಂದ ಹುಡುಗ ಮಾತು ಬಿಟ್ಟ.

ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ ಹುಸೇನಸಾಬರು ಕೆಲಸ ಕಳೆದುಕೊಂಡವರನ್ನೆಲ್ಲ ಸೇರಿಸಿ ಸಂಘ ಕಟ್ಟಿದರು. ಸೋಮವಾರ ಜಿಲ್ಲೆಯ ದೊಡ್ಡ ಸಾಹೇಬರ, ಅಂದರೆ ಡೀಸಿಯವರ, ಕಚೇರಿಗೆ ಮೆರವಣಿಗೆ. ಅದರ ಮುಂದೆ ಹಿಡಿಯಲು ಬಟ್ಟೆಯ ಮೇಲೆ ಬರೆದ ನಿರುದ್ಯೋಗಿಯ ದೊಡ್ಡ ಚಿತ್ರ ಬೇಕೆಂದು ನನ್ನ ಹತ್ತಿರ ಬಂದಿದ್ದರು.

"ಉಸ್ತಾದ್, ನಮಗ ಭಾಷಣ ಬರಂಗಿಲ್ಲ. ಚಿತ್ರಾನ ಮಾತಾಡಬೇಕು."

"ಮಾತಾಡೋದೇನ್ರೀ, ಅಳ್ತದ!" ಎಂದೆ.

ಮರುದಿನವೇ ಯಂಕಪ್ಪನನ್ನು ಅಂಗಳದ ಸ್ಟೂಲಿನ ಮೇಲೆ ಕೂಡಿಸಿದೆ. ತಲೆ ತಗ್ಗಿಸಿ, ಕೈ ಚೆಲ್ಲಿ ಕೂತ. ಅಮೋಘ ಭಂಗಿ! ಆದರೆ ಅದನ್ನು ಶಿವಮ್ಮನೂ ನೋಡಿದಳು.

"ಯವ್ವಾ, ಎಷ್ಟ್ ಸೊರಗಿ ಹೋಗ್ಯಾನ ನನ್ನ ತಮ್ಮ!"

ಅಷ್ಟೇ. ಬಿಸಿ ರೊಟ್ಟಿ ಬಂತು, ಎಣ್ಣೆಗಾಯಿ ಬಂತು, ಶೇಂಗಾ ಹಿಂಡಿ ಬಂತು. ಅವನು ತಿನ್ನುತ್ತ ಕೂತ, ನಾನು ಬರೆಯುತ್ತ ನಿಂತೆ. ಮೂರನೆಯ ದಿನಕ್ಕೆ ಹುಡುಗನ ಗಲ್ಲ ತುಂಬಿತು. ಕಲಾವಿದನಾದವನು ಕಂಡದ್ದನ್ನು ಬರೆಯಬೇಕಷ್ಟೆ? ಸಾಲದ್ದಕ್ಕೆ ನನ್ನ ಕೈಗೆ ವರ್ಷಗಳ ಚಾಳಿ: ಕೆನ್ನೆ ಕಂಡರೆ ಗುಲಾಬಿ, ಗದ್ದದ ಕೆಳಗೆ ನೀಲಿ ನೆರಳು. ತಾನಾಗಿಯೇ ಬಳಿದುಬಿಟ್ಟಿತು.

ಪಕ್ಕದ ಮನೆಯ ಗೌರಮ್ಮ ಗೋಡೆಯಾಚೆಯಿಂದ ಇಣುಕಿದಳು. "ಹೀರೋ ಭಾಳ ಚಂದ ಅದಾನ್ರೀ. ಈ ಪಿಚ್ಚರ್ ಎಂದಿನಿಂದ ಆಡ್ತದ?"

ನಾನು ಗಂಭೀರನಾಗಿ ಶಿವಮ್ಮನನ್ನು ಕರೆದೆ. "ಸೋಮವಾರದ ತನಕ ಯಂಕಪ್ಪಗ ಒಂದ ಹೊತ್ತು ಊಟ ಸಾಕು. ಹೋರಾಟದ ಸಲುವಾಗಿ."

"ಹೋರಾಟ ಮಾಡೋದೇ ಉಣ್ಣಾಕ ಸಿಗಲಿ ಅಂತ! ನಿಮ್ಮ ಚಿತ್ರದ ಸಲುವಾಗಿ ಹುಡುಗನ್ನ ಉಪಾಸ ಕೆಡವ್ತೀರೇನು?"

ಅಂದಿನಿಂದ ಅವನಿಗೆ ಒಂದು ರೊಟ್ಟಿ ಹೆಚ್ಚಾಯಿತು. ಮನೆಯ ಜೋಳದ ಚೀಲ ಮಾತ್ರ ಹೆಚ್ಚಲಿಲ್ಲ. ಹಾಗಾಗಿ ಊಟದ ಹೊತ್ತಿಗೆ ನಾನು, "ಬಣ್ಣದ ವಾಸನಿಗೆ ಹಸಿವೇ ಇಲ್ಲ" ಎನ್ನುತ್ತಿದ್ದೆ. "ನಂದು ಆಗಲೇ ಆಗ್ಯದ" ಎನ್ನುತ್ತಿದ್ದಳು ಶಿವಮ್ಮ. ಸುಳ್ಳು ಹೇಳುವುದರಲ್ಲಿ ನಾವು ಆದರ್ಶ ದಂಪತಿ.

ಭಾನುವಾರ ಕಪ್ಪು ಬಣ್ಣ ತೆಗೆದುಕೊಂಡು ಚಿತ್ರದ ಮೇಲೆ ಮುಗಿಬಿದ್ದೆ. ಕಣ್ಣು ಒಳಗೆ ಹಾಕಿದೆ, ಕೆನ್ನೆ ಕೆರೆದೆ, ಪಕ್ಕೆಲುಬುಗಳನ್ನು ಒಂದೊಂದಾಗಿ ಹೊರಗೆ ತೆಗೆದೆ. ನೋಡಲು ಬಂದ ಹುಸೇನಸಾಬರು ಎರಡು ಹೆಜ್ಜೆ ಹಿಂದೆ ಸರಿದರು.

"ಉಸ್ತಾದ್, ಕೆಳಗ ಎರಡು ಎಲುಬು ಅಡ್ಡ ಹಾಕಿಬಿಡ್ರಿ. ಕರೆಂಟಿನ ಕಂಬಕ್ಕರ ಕಟ್ಟಬೌದು!"

ಮುಖವನ್ನಾದರೂ ಮನುಷ್ಯನದಾಗಿ ಮಾಡೋಣವೆಂದು ಡಬ್ಬಿಗಳನ್ನು ತಡಕಿದೆ. ಉಳಿದದ್ದು ಒಂದೇ ಬಣ್ಣ. ಗುಲಾಬಿ!

ಸೋಮವಾರ ಮೆರವಣಿಗೆ ಹೊರಟಿತು, ಹಿಂದೆ ಮನೆಯ ಹೆಂಗಸರದೂ ಒಂದು ಸಾಲು. ಚಿತ್ರದ ಒಂದು ಕೋಲು ಯಂಕಪ್ಪನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಕೆಳಗೆ ಎಲುಬಿನ ಗೂಡು, ಮೇಲೆ ಮದುಮಗನ ಮುಖ. ದಾರಿಯುದ್ದಕ್ಕೂ ಜನ, "ಪಿಚ್ಚರ್‌ನ್ಯಾಗ ಫೈಟಿಂಗ್ ಅದ ಏನ್ರೀ?" ಎಂದು ಕೇಳಿದರು.

ಸಾಹೇಬರು ಮೆಟ್ಟಿಲ ಮೇಲೆ ಬಂದು ನಿಂತು ಚಿತ್ರ ನೋಡಿದರು. "ಯಾರಿದು?"

"ನಿರುದ್ಯೋಗಿ ರೀ," ಎಂದರು ಹುಸೇನಸಾಬ್, ದನಿ ತಗ್ಗಿಸಿ.

"ಇನ್ನೇನು ಹಾಡು ಶುರು ಮಾಡುವ ಹಾಗಿದ್ದಾನಲ್ಲ?"

ಪೊಲೀಸರೂ ನಕ್ಕರು. ಯಂಕಪ್ಪ ನೆಲ ನೋಡತೊಡಗಿದ. ಅವನ ಲಗ್ನವನ್ನು ನನ್ನ ಕೈಯಾರೆ ಕೆಡಿಸಿದೆನಲ್ಲ ಎಂದು ನನಗೆ ಕಣ್ಣು ಕತ್ತಲೆ ಬಂತು. ನಿಜವಾಗಿಯೂ ಬಂತು! ಕೋಲು ಜಾರಿತು, ಚಿತ್ರ ನೆಲಕ್ಕೆ ಬಿತ್ತು, ಅದರ ಮೇಲೆ ನಾನು ಕುಸಿದು ಕುಳಿತೆ. ಮೈಮೇಲೆ ಹರಿದ ಅಂಗಿ, ಗಡ್ಡದಲ್ಲಿ ಗುಲಾಬಿ ಬಣ್ಣ.

ಸಾಹೇಬರ ನಗು ನಿಂತಿತು. ಕೆಳಗಿಳಿದು ಬಂದರು. "ನೀವು ಎಷ್ಟು ದಿನದಿಂದ ಕೆಲಸ ಇಲ್ಲದೆ ಇದ್ದೀರಿ?"

"ತಪ್ಪು ತಿಳಕೋಬ್ಯಾಡ್ರಿ ಸಾಹೇಬ್ರ, ನಾನು ನಿರುದ್ಯೋಗಿ ಅಲ್ಲ, ನಾನು ಕಲಾ..."

"ಐದು ತಿಂಗಳಾತ್ರೀ," ಎಂದಿತು ಹೆಂಗಸರ ಸಾಲಿನಿಂದ ಒಂದು ದನಿ. ಶಿವಮ್ಮ! "ವಾರದಿಂದ ಹಸಿವಿಲ್ಲ ಅಂತ ಸುಳ್ಳು ಹೇಳಾಕತ್ತಾರ. ನಾನೂ ನಂಬಿದಂಗ ಮಾಡಾಕತ್ತೀನಿ. ಮನ್ಯಾಗ ಇರೋದೇ ಅಷ್ಟು."

ನನಗೆ ನಾಚಿಕೆಯೂ ಆಯಿತು, ಅವಳ ಮೇಲೆ ಹೇಳಲಾರದಷ್ಟು ಪ್ರೀತಿಯೂ ಬಂತು. ಸಾಹೇಬರು ಎಲ್ಲರನ್ನೂ ಒಳಗೆ ಕರೆದು ಕೂಡಿಸಿದರು. ಮಾಲೀಕನಿಗೆ ಅಂದೇ ಕರೆ ಹೋಯಿತು. ತಿಂಗಳೊಳಗೆ ಮಿಲ್ಲಿನ ಗೇಟು ತೆರೆಯಿತು.

ಯಂಕಪ್ಪನ ಲಗ್ನ ಮಾನ್ವಿಯಲ್ಲಿ ನಡೆಯಿತು. ಊಟದ ಹೊತ್ತಿನಲ್ಲಿ ಹೆಣ್ಣಿನ ತಂದೆ ಹುಸೇನಸಾಬರನ್ನು ಕೇಳಿದ್ದು ನನ್ನ ಕಿವಿಗೂ ಬಿತ್ತು. "ಮಿಲ್ಲು ತೆರೆಸಿದ ಆ ಚಿತ್ರ ಎಲ್ಲಿ ಅದ ರೀ? ನಾವೂ ಒಮ್ಮೆ ನೋಡಬೇಕು."

"ಇಲ್ಲೇ ಅದ ನೋಡ್ರಿ," ಎಂದು ಹುಸೇನಸಾಬರು ನನ್ನತ್ತ ಕೈ ಮಾಡಿದರು. "ಪಂಕ್ತ್ಯಾಗ ಕುಂತದ. ಮೂರನೇ ಹೋಳಿಗಿ ನಡದದ."

ನಾನು ತಲೆ ಎತ್ತಲಿಲ್ಲ. ಶಿವಮ್ಮ ಬಂದು ನಾಲ್ಕನೆಯದನ್ನು ಬಡಿಸಿದಳು.