ಬೇಸ್ ಮಾಡೆಲ್ಲೂ ಬೇಸ್ ಐತ್ರಿ

ನಮ್ಮ ಮನೇಲಿ ಇಂಥದ್ದು ಆಗ್ತಾನೇ ಇರುತ್ತೆ. ಬೇರೆಯವರಿಗೆ ಸಾಮಾನು ತಂದ ಮೇಲೆ ತಲೆನೋವು ಶುರುವಾದ್ರೆ, ನಮಗೆ ಅಂಗಡಿ ಮೆಟ್ಟಿಲು ಹತ್ತೋವಾಗಲೇ ಶುರು. ಒಂದ್ಸಲ ಮಿಕ್ಸಿ ತರೋಕೆ ಹೋಗಿ, ಎರಡು ಜಾರಿಂದಾ ಮೂರು ಜಾರಿಂದಾ ಅಂತ ಅಲ್ಲೇ ಜಗಳ ಹತ್ತಿ, ಬರಿಗೈಲಿ ವಾಪಸ್ ಬಂದು ಇನ್ನೂ ಒಂದು ವರ್ಷ ಒರಳು ಕಲ್ಲಲ್ಲೇ ಚಟ್ನಿ ಅರೆದುಕೊಂಡು ತಿಂದ್ವಿ. ಅಂಥ ಮನೆಗೆ ಪಿಕಪ್ ಗಾಡಿ ಬಂದ ಕಥೆ ಇದು.

ನಾನು ಕೊಡಿಗೇಹಳ್ಳಿಯವನು. ಮದುವೆ ಮಂಟಪಕ್ಕೆ ಹೂವಿನ ಅಲಂಕಾರ ಮಾಡೋದು ಕಸುಬು. ಬೆಳಗಿನ ಜಾವ ಸಿಟಿ ಮಾರ್ಕೆಟ್‌ಗೆ ಹೋಗಿ ಹೂವು ತರ್ಬೇಕು. ಮುಂಚೆ ಇದ್ದದ್ದು ಮೂರು ಚಕ್ರದ ಗೂಡ್ಸ್ ಆಟೋ. ಮುಂದೆ ಒಂದೇ ಸೀಟು, ಅದ್ರಲ್ಲಿ ನಾನು. ಚೆಂಡು ಹೂವಿನ ಚೀಲ ಉರುಳದ ಹಾಗೆ ಹಿಂದೆ ಹಿಡ್ಕೊಂಡು ಕೂರೋಳು ನನ್ನ ಹೆಂಡತಿ. "ಹೂವಿನ ಪಲ್ಲಕ್ಕೀಲಿ ಕೂತಂಗೆ ಕಾಣ್ತೀಯ ಕಣೇ" ಅಂತ ಸಿಗ್ನಲ್‌ನಲ್ಲಿ ತಿರುಗಿ ಹೇಳ್ತಿದ್ದೆ. ಅವಳು ತಲೆಯಿಂದ ಎಸಳು ಆರಿಸಿ ಎಸೀತಿದ್ದಳು.

ಆ ಆಟೋ 2018ರಲ್ಲಿ ಕೈ ಕೊಡ್ತು. ಪಿಕಪ್ ತಗೊಳ್ಳೋದು ಅಂತ ತೀರ್ಮಾನ ಆದ ದಿನ ಅವಳು ಒಂದೇ ಮಾತು ಹೇಳಿದಳು. "ಯಾವ ಗಾಡಿನಾದ್ರೂ ತಗೊಳ್ಳಿ, ಯಾವ ಬಣ್ಣನಾದ್ರೂ ತಗೊಳ್ಳಿ. ಇನ್ಮೇಲೆ ನಾನು ಹಿಂದೆ ಕೂರಲ್ಲ." ಆಯ್ತು ಮಹಾರಾಣಿ ಅಂದೆ. ಅಷ್ಟು ಸುಲಭವಾಗಿ ಒಪ್ಕೋಬಾರ್ದಿತ್ತು ಅಂತ ಆಮೇಲೆ ಗೊತ್ತಾಯ್ತು.

ಬೇಸು

ಯಲಹಂಕದ ಒಂದು ಶೋರೂಮಿಗೆ ಹೋದ್ವಿ. ಸೇಲ್ಸ್‌ಮನ್ ಕೊಪ್ಪಳದ ಕಡೆಯವನು, ಕೆಲಸಕ್ಕೆ ಸೇರಿ ಸ್ವಲ್ಪ ದಿನ ಆಗಿತ್ತು. "ಬರ್ರಿ ಸರ್ರ, ಕುಂದರ್ರಿ" ಅಂತ ತುಂಬಾ ಮರ್ಯಾದೆ ಕೊಟ್ಟ. ಒಂದೇ ಗಾಡೀಲಿ ಏನೂ ಇಲ್ಲದ ಬೇಸ್ ಮಾಡೆಲ್ ಅಂತ ಒಂದಿರುತ್ತೆ, ಎಲ್ಲಾ ಇರೋ ಟಾಪ್ ಮಾಡೆಲ್ ಅಂತ ಒಂದಿರುತ್ತೆ, ನೋಡ್ಕೊಂಡು ತಗೋ ಗುರು ಅಂತ ಗೆಳೆಯನೊಬ್ಬ ಹೇಳಿ ಕಳ್ಸಿದ್ದ. ಅಲ್ಲಿ ನೋಡಿದ್ರೆ ಎರಡೂ ಬಿಳಿ, ಎರಡೂ ಅಣ್ಣತಮ್ಮಂದಿರ ಹಾಗೆ ನಿಂತಿವೆ.

ಬಾಗಿಲ ಹತ್ರ ಇದ್ದದ್ದನ್ನ ತೋರ್ಸಿ ಕೇಳಿದೆ, "ಇದು ಬೇಸಾ?"

"ಬೇಸ್ ಐತ್ರಿ."

"ಆ ಕಡೇದು?"

"ಅದೂ ಬೇಸ್ ಐತ್ರಿ ಸರ್ರ."

"ಎರಡೂ ಬೇಸ್ ಆದ್ರೆ ಟಾಪ್ ಎಲ್ಲಪ್ಪ?"

"ಅದ ಟಾಪ್ ರೀ, ನೀವು ಈಗ ಕೈ ಮಾಡಿದ್ದು."

"ನೀನೇ ತಾನೆ ಈಗ ಬೇಸ್ ಅಂದಿದ್ದು?"

"ಟಾಪ್ ಐತಿ, ಅದಕ್ಕ ಭಾಳ ಬೇಸ್ ಐತ್ರಿ."

ನನಗೆ ತಲೆ ಕೆಟ್ಟು ಹೋಯ್ತು. ಟಾಪ್ ಅಂತ ಹೇಳಿ ಬೇಸ್ ಮಾಡೆಲ್ ತಲೆಗೆ ಕಟ್ತಿದಾನೆ ಅಂತ ಮ್ಯಾನೇಜರ್‌ನ ಕರೆಸಿದೆ. ಅವರು ಬಂದು ನಕ್ಕರು. "ಬೇಜಾರಾಗ್ಬೇಡಿ ಸಾರ್, ಅವರ ಕಡೆ ಬೇಸು ಅಂದ್ರೆ ಚೆನ್ನಾಗಿದೆ ಅಂತ ಅರ್ಥ. ನಾನೂ ಬೇಸ್ತು ಬಿದ್ದಿದೀನಿ. ಮೊದಲನೇ ದಿನ ಕ್ಯಾಂಟೀನ್ ಊಟ ಹೆಂಗಿತ್ತಪ್ಪ ಅಂದ್ರೆ ಬೇಸಿತ್ರಿ ಅಂದ. ಪಾಪ, ಪಲ್ಯ ಹಾಕಿಲ್ಲ ಅಂದ್ಕೊಂಡು ಅಡುಗೆಯವನನ್ನ ಬೈದ್ಬಿಟ್ಟೆ."

ಗಾಳಿ ಯಾರಿಗೆ

ಅರ್ಥದ ಗಲಾಟೆ ಮುಗಿದ ಮೇಲೆ ಸೇಲ್ಸ್‌ಮನ್ ಬಿಡಿಸಿ ಹೇಳಿದ. ಬೇಸ್ ಮಾಡೆಲ್‌ನಲ್ಲಿ ಮುಂದೆ ಒಂದೇ ಉದ್ದ ಸೀಟು, ಮೂರು ಜನ ಕೂರ್ಬೋದು. ಎ.ಸಿ. ಇಲ್ಲ, ಪವರ್ ಸ್ಟೀರಿಂಗ್ ಇಲ್ಲ. ಟಾಪ್‌ನಲ್ಲಿ ಎ.ಸಿ., ಪವರ್ ಸ್ಟೀರಿಂಗ್ ಎರಡೂ ಉಂಟು, ಆದ್ರೆ ಸೀಟು ಬೇರೆ ಬೇರೆ, ಇಬ್ಬರಿಗೆ ಮಾತ್ರ.

ನನಗೆ ಎ.ಸಿ. ಮೇಲೆ ಕಣ್ಣು ಬಿತ್ತು. ನನಗೋಸ್ಕರ ಅಲ್ಲ, ಹೂವಿಗೋಸ್ಕರ. ಬೇಸಿಗೇಲಿ ಮಾರ್ಕೆಟ್‌ನಿಂದ ಯಲಹಂಕಕ್ಕೆ ಬರೋಷ್ಟ್ರಲ್ಲಿ ಗುಲಾಬಿ ತಲೆ ಬಗ್ಗಿಸಿಬಿಡುತ್ತೆ.

"ಈ ಗಾಳೀನ ಹಿಂದಕ್ಕೆ ತಿರುಗಿಸೋಕೆ ಆಗುತ್ತಾ?" ಅಂತ ಕೇಳಿದೆ.

"ಹಿಂದ ಯಾರು ಕುಂದರ್ತಾರ್ರಿ?"

"ಗುಲಾಬಿ."

ಅವನು ಗಾಡಿ ಹಿಂದಕ್ಕೆ ಹೋಗಿ ಒಂದ್ಸಲ ನೋಡಿ ಬಂದ. "ಹಿಂದ ತೆರದ ಐತಲ್ರಿ ಸರ್ರ. ಅಲ್ಲಿ ಎ.ಸಿ. ಬಿಟ್ರ ಹೆಬ್ಬಾಳ ಫ್ಲೈಓವರ್ ತಣ್ಣಗಾಗ್ತೈತ್ರಿ, ಹೂವಲ್ಲ."

"ಹಂಗಾದ್ರೆ ಹೂವನ್ನೇ ಮುಂದೆ ಕೂರ್ಸೋದು."

"ಮತ್ತ ಮನುಷ್ಯಾರು?"

"ಮನುಷ್ಯರು ಬಾಡಲ್ಲ ಕಣಪ್ಪ" ಅಂದೆ.

ಪಕ್ಕದಲ್ಲೇ ನಿಂತಿದ್ದ ಹೆಂಡತಿ ನನ್ನ ಮುಖ ನೋಡಿ ಕೇಳಿದಳು, "ಬಾಡದೇ ಇರೋಕೆ ನಾನೇನ್ ಪ್ಲಾಸ್ಟಿಕ್ ಹೂವಾ?"

ಅಮ್ಮನ ಸ್ಟೂಲು

ಇನ್ನೊಂದು ದಿನ ಅಮ್ಮನೂ ಹೊರಟಿತು. ಕೊಡಿಗೇಹಳ್ಳಿ ಇನ್ನೂ ರಾಗಿ ಹೊಲ ಆಗಿದ್ದಾಗ ಸೊಸೆಯಾಗಿ ಬಂದದ್ದು ನಮ್ಮಮ್ಮ. ಊರು ಸಿಟಿ ಆದ್ರೂ ಅಮ್ಮನ ಮಾತು ಅಲ್ಲೇ ನಿಂತಿದೆ. ಬೇಸ್ ಮಾಡೆಲ್ ಉದ್ದ ಸೀಟು ನೋಡಿದ್ದೇ ತಡ, ಕಿಟಕಿ ಪಕ್ಕ ಹತ್ತಿ ಕೂತು ಸೆರಗು ಸರಿ ಮಾಡ್ಕೊಂಡುಬಿಡ್ತು.

"ಇದೇ ಇರ್ಲಿ ಕಣ್ಲಾ. ಮೂರು ಜನ ಕೂರ್ಬೋದು. ಸುಮ್ಕೆ ಘಾಟಿ ದೇವಸ್ತಾನಕ್ಕೆ ಓಗಿ ಬರ್ಬೋದು."

ನೋಡೇ ಬಿಡೋಣ ಅಂತ ಮೂರೂ ಜನ ಕೂತು ಶೋರೂಮ್ ಮುಂದೆ ಒಂದು ಸುತ್ತು ಹಾಕಿದ್ವಿ. ಮಧ್ಯ ನನ್ನ ಹೆಂಡತಿ. ನಾನು ಗೇರ್ ಹಾಕಿದಾಗೆಲ್ಲ ಅವಳ ಮಂಡಿಗೆ ಒಂದು ಏಟು. ಎರಡನೇ ಗೇರಿಗೆ ಅಯ್ಯೋ, ನಾಲ್ಕನೇ ಗೇರಿಗೆ ಅಮ್ಮಾ. ಇಳಿದವಳು ಮಂಡಿ ಉಜ್ಜಿಕೊಂಡು "ಇದಕ್ಕಿಂತ ಹಿಂದೇನೇ ವಾಸಿ" ಅಂದಳು. ಹಾಗಂದವಳೇ ನಾಲಿಗೆ ಕಚ್ಕೊಂಡು, "ವಾಸಿ ಅಂದೆ ಅಷ್ಟೇ, ಕೂರ್ತೀನಿ ಅನ್ನಲಿಲ್ಲ" ಅಂತ ಸೇರಿಸಿದಳು.

ಅಮ್ಮ ಆಮೇಲೆ ಟಾಪ್ ಮಾಡೆಲ್ ಒಳಗೆ ಇಣುಕಿ ನೋಡ್ತು. ಎರಡು ಸೀಟಿನ ಮಧ್ಯೆ ಒಂದು ಗೇಣು ಜಾಗ.

"ಇಲ್ಲೊಂದು ಸ್ಟೂಲ್ ಆಕ್ಬಿಟ್ರೆ?"

ಸೇಲ್ಸ್‌ಮನ್ ಗಾಬರಿಯಾದ. "ಅಲ್ಲಿ ಹ್ಯಾಂಡ್ ಬ್ರೇಕ್ ಐತ್ರಿ ಅಜ್ಜೀ."

"ಇರ್ಲಿ ಬುಡಪ್ಪ" ಅಂತು ಅಮ್ಮ, "ಇಡ್ಕೊಳ್ಳಾಕೆ ಆಯ್ತದೆ."

ಮುಂದಕ್ಕೆ ಬರೋ ಸೀಟು

ಆಮೇಲಿನ ಸಲ ನಾನು ಬೇಸ್ ಮಾಡೆಲ್ಲೇ ಸಾಕು ಅನ್ನೋ ಮನಸ್ಸಲ್ಲಿದ್ದೆ. ಹೆಂಡತಿ ಭಾನುವಾರ ಭಾನುವಾರ ಚಿಕ್ಕಬಾಣಾವರದ ಅಕ್ಕನ ಮನೆಗೆ ಹೋಗೋಳು. ಆ ದಿನ ಅಲ್ಲಿಂದ ನೇರವಾಗಿ ಶೋರೂಮಿಗೆ ಬಂದಳು. ಬಂದವಳೇ ಸೇಲ್ಸ್‌ಮನ್‌ಗೆ ಪ್ರಶ್ನೆ ಮೇಲೆ ಪ್ರಶ್ನೆ.

"ಪವರ್ ಸ್ಟೀರಿಂಗ್ ಟಾಪ್‌ನಲ್ಲಿ ಮಾತ್ರನಾ?"

"ಹೌದ್ರಿ ಅಕ್ಕಾರ."

"ಹಂಗಾದ್ರೆ ಟಾಪೇ ಬೇಕು. ಇಲ್ದಿದ್ರೆ ತಿರುಗಿಸಿ ತಿರುಗಿಸಿ ತೋಳು ಬಿದ್ದೋಗುತ್ತೆ."

ನಾನು ಕರಗಿ ನೀರಾದೆ. ಇಷ್ಟು ವರ್ಷ ಆ ದರಿದ್ರ ಆಟೋ ಹ್ಯಾಂಡಲ್ ಎಳೆದಾಡಿದ್ದಕ್ಕೆ ನನ್ನ ತೋಳಿನ ಬಗ್ಗೆ ಯೋಚನೆ ಮಾಡೋ ಜೀವ ಒಂದಾದ್ರೂ ಇದೆಯಲ್ಲ ಅನ್ನಿಸ್ತು.

"ಕ್ಲಚ್ ಗಟ್ಟಿಯಾ?"

"ಬೆಣ್ಣಿ ಇದ್ದಂಗ ಐತ್ರಿ."

ನನ್ನ ಕಾಲಿನ ಬಗ್ಗೇನೂ ಯೋಚನೆ. ನಾನು ಇನ್ನಷ್ಟು ಉಬ್ಬಿದೆ.

"ಡ್ರೈವರ್ ಸೀಟು ಮುಂದಕ್ಕೆ ಬರುತ್ತಾ?"

ಇಲ್ಲಿ ಮಾತ್ರ ನಾನು ಬಾಯಿ ಹಾಕಿದೆ. "ನಾನು ಆರಡಿ ಇದೀನಿ ಕಣೇ. ನನಗೆ ಹಿಂದಕ್ಕೆ ಹೋಗ್ಬೇಕು, ಮುಂದಕ್ಕೆ ಯಾಕೆ?"

"ಮುಂದಕ್ಕೆ ಬರೋದು ಹಿಂದಕ್ಕೂ ಹೋಗುತ್ತಲ್ರೀ" ಅಂದಳು.

ಅದೂ ನಿಜವೇ. ಟಾಪ್ ಮಾಡೆಲ್ಲೇ ಬುಕ್ ಮಾಡಿದೆ. ಮನೇಲಿ ಅಮ್ಮನಿಗೆ ಹೇಳೋಕೆ ಹೆದರ್ತಾ ಹೋದ್ರೆ, "ನಂಗೆ ಬಸ್ಸೇ ಸರಿ ಬುಡು. ಬಸ್ಸಾಗಾದ್ರೆ ಮಾತಾಡಾಕೆ ಜನ ಸಿಕ್ತಾರೆ, ನೀವಿಬ್ರೂ ಮುಖ ಊದಿಸ್ಕೊಂಡು ಕೂತಿರ್ತೀರ" ಅಂತು.

ಬುಕಿಂಗ್ ಮುಗಿಸಿ ಹೊರಡೋವಾಗ ಸೇಲ್ಸ್‌ಮನ್ ನನ್ನ ಕಿವಿ ಹತ್ರ ಬಂದು ಹೇಳಿದ, "ಅಕ್ಕಾರು ಭಾಳ ಬೇಸ್ ಅದಾರ್ರಿ ಸರ್ರ."

"ಬೇಸ್ ಅಲ್ಲಪ್ಪ" ಅಂದೆ ಹೆಮ್ಮೆಯಿಂದ, "ಟಾಪ್ ಎಂಡ್."

ಜೋಯಿಸರ ಮಾತು

ಗಾಡಿ ಯಾರ ಹೆಸರಿಗೆ ಅಂತ ಕೇಳೋಕೆ ಜೋಯಿಸರ ಹತ್ರ ಹೋದೆ. ಅವರು ನನ್ನ ಜಾತಕ ನೋಡಿ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕ್ಕೊಂಡು ನೋಡಿದರು.

"ನಿಮಗೆ ವಾಹನ ಸ್ಥಾನ ಸ್ವಲ್ಪ ವೀಕು."

"ಇಷ್ಟು ವರ್ಷ ಆಟೋ ಓಡಿಸಿದ್ನಲ್ಲ ಸ್ವಾಮಿ?"

"ಅದು ಮೂರು ಚಕ್ರ. ಮೂರರ ತನಕ ತೊಂದರೆ ಇಲ್ಲ. ನಾಲ್ಕು ಅಂದ್ರೆ ಮನೆಯವರ ಹೆಸರಿಗೆ ಮಾಡ್ಸಿ."

ಸರಿ, ಹೆಂಡತಿ ಹೆಸರಿಗೇ ಮಾಡಿಸಿದೆ. ಆದ್ರೂ ಮನಸ್ಸು ತಡೀಲಿಲ್ಲ. "ನನಗೆ ಯೋಗ ಇಲ್ಲವೇ ಇಲ್ವಾ ಸ್ವಾಮಿ?" ಅಂತ ಕೇಳಿದೆ.

"ಛೆ ಛೆ, ಕೂರೋ ಯೋಗ ಚೆನ್ನಾಗಿದೆ" ಅಂದರು. "ಎಲ್ಲಿ ಕೂರ್ತೀರಿ ಅನ್ನೋದು ಮಾತ್ರ ಇದ್ರಲ್ಲಿ ಸ್ಪಷ್ಟವಾಗಿ ಕಾಣ್ತಿಲ್ಲ."

ಹಿಂದಿನ ಲೋಡು

ನಿಂಬೆಹಣ್ಣು ತುಳಿಸಿ, ಕುಂಬಳಕಾಯಿ ಒಡೆದು, ಹೊಸ ಗಾಡಿ ಮೊದಲ ಕೆಲಸಕ್ಕೆ ಹೊರಟಿತು. ತಣಿಸಂದ್ರದಲ್ಲಿ ಒಂದು ದೊಡ್ಡ ಮದುವೆ. ಹುಡುಗಿ ತಂದೆಗೆ ಆರ್ಕಿಡ್ ಹೂವೇ ಆಗ್ಬೇಕು, ಒಂದು ಬಾಡಿದ್ರೂ ಮುಂದಿನ ಮಗಳ ಮದುವೆ ಬೇರೆಯವರಿಗೆ ಅಂತ ಮೊದಲೇ ಹೇಳಿಬಿಟ್ಟಿದ್ದರು.

ಹೋಗೋವಾಗ ನನ್ನ ಹೆಂಡತಿ ಮುಂದೆ ಕೂತಿದ್ದಳು. ಗಾಜು ಇಳಿಸೋಳು, ಏರಿಸೋಳು, ಗಾಳಿಗೆ ಕೈ ಒಡ್ಡೋಳು, ತನ್ನಷ್ಟಕ್ಕೆ ತಾನೇ ನಗೋಳು. ಅವಳ ಖುಷಿ ನೋಡಿ ನನಗೂ ಹೊಟ್ಟೆ ತುಂಬಿದ ಹಾಗಾಯ್ತು.

ಮಾರ್ಕೆಟ್‌ನಲ್ಲಿ ಹೂವು ತುಂಬಿಸಿಕೊಂಡ್ವಿ. ಚೆಂಡು ಹೂವಿನ ಚೀಲ ಹಿಂದಕ್ಕೆ ಹೋಯ್ತು. ಆರ್ಕಿಡ್ ಪೆಟ್ಟಿಗೆ ಕೈಲಿ ಹಿಡ್ಕೊಂಡು ನಾನು ತಲೆ ಕೆರ್ಕೊಂಡೆ.

"ಇವತ್ತೊಂದು ದಿನ ಅಡ್ಜಸ್ಟ್ ಮಾಡ್ಕೊ ಕಣೇ. ಇದು ಎ.ಸಿ.ಲಿ ಇರ್ಲಿ. ಹಿಂದೆ ಚೀಲ ಹಿಡ್ಕೊಳ್ಳೋಕೂ ಒಬ್ರು ಬೇಕಲ್ಲ."

ಅವಳು ಪೆಟ್ಟಿಗೆ ಇಸ್ಕೊಂಡು ತನ್ನ ಸೀಟಲ್ಲಿಟ್ಟು, ಬೆಲ್ಟ್ ಎಳೆದು ಹಾಕಿದಳು. ಒಪ್ಪಿದಳು ಅಂದ್ಕೊಂಡೆ. ಆಮೇಲೆ ಸುತ್ತಿ ನನ್ನ ಕಡೆ ಬಂದು ಕೈ ನೀಡಿದಳು.

"ಕೀ ಕೊಡಿ."

"ಯಾಕೆ?"

"ಕೊಡೀಂದ್ರೆ."

ಕೊಟ್ಟೆ. ಡ್ರೈವರ್ ಸೀಟಲ್ಲಿ ಕೂತಳು. ಕೆಳಗೆ ಕೈ ಹಾಕಿ ಸೀಟನ್ನ ಮುಂದಕ್ಕೆ ಎಳೆದಳು. ಅದು ಎಷ್ಟು ಚೆನ್ನಾಗಿ ಬಂತು ಅಂದ್ರೆ, ಮುಂದಕ್ಕೆ ಬರೋ ಸೀಟು ಯಾಕೆ ಬೇಕಿತ್ತು ಅಂತ ನನಗೆ ಆ ಕ್ಷಣಕ್ಕೆ ಹೊಳೀತು. ಪವರ್ ಸ್ಟೀರಿಂಗು ಯಾರ ತೋಳಿಗೆ ಅನ್ನೋದೂ ಹೊಳೀತು.

"ಏ, ನಿನಗೆಲ್ಲಿ ಬರುತ್ತೆ?"

"ಅಕ್ಕನ ಮನೆ ಎದುರಿಗೇ ಡ್ರೈವಿಂಗ್ ಸ್ಕೂಲ್ ಇದೆ. ಲೈಸೆನ್ಸೂ ಬಂದಿದೆ."

"ನನಗೆ ಒಂದು ಮಾತು ಹೇಳ್ಲಿಲ್ಲ?"

"ಅಕ್ಕನ ಮನೇಲಿ ಏನ್ ಸಮಾಚಾರ ಅಂತ ನೀವು ಒಂದ್ಸಲನಾದ್ರೂ ಕೇಳಿದ್ರಾ? ಕೇಳಿದ್ರೆ ಹೇಳ್ತಿದ್ದೆ. ಹತ್ತಿ ಹಿಂದೆ. ಚೀಲ ಗಟ್ಟಿಯಾಗಿ ಹಿಡ್ಕೊಳ್ಳಿ, ಹೂವಿನ ಪಲ್ಲಕ್ಕಿ ಅದು."

ಹತ್ತಿದೆ. ಇನ್ನೇನು ಮಾಡ್ಲಿ, ಹೊತ್ತು ಮೀರ್ತಿತ್ತು. ಸುಳ್ಳು ಯಾಕೆ ಹೇಳ್ಲಿ, ಗಾಡಿ ಚೆನ್ನಾಗೇ ಓಡಿಸಿದಳು. ನನಗಿಂತ ಹಾರನ್ ಕಮ್ಮಿ. ಮೇಖ್ರಿ ಸರ್ಕಲ್ ದಾಟೋಷ್ಟ್ರಲ್ಲಿ ನನ್ನ ಕಿವಿ, ಕಾಲರು, ಜೇಬು ಎಲ್ಲ ಚೆಂಡು ಹೂವು. ಹೆಬ್ಬಾಳ ಫ್ಲೈಓವರ್ ಕೆಳಗೆ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಾಕಿದರು.

ಮೊದಲು ಅವಳನ್ನ ನೋಡಿದರು. ಆಮೇಲೆ ಬೆಲ್ಟ್ ಹಾಕ್ಕೊಂಡು ತಣ್ಣಗೆ ಕೂತಿದ್ದ ಆರ್ಕಿಡ್ ನೋಡಿದರು. ಆಮೇಲೆ ಹಿಂದೆ ಬಂದು ನನ್ನನ್ನ ನೋಡಿದರು.

"ಏನಮ್ಮ, ಗೂಡ್ಸ್ ಗಾಡೀಲಿ ಹಿಂದೆ ಜನ ಕೂರ್ಸಬಾರ್ದು ಅಂತ ಗೊತ್ತಿಲ್ವಾ?"

"ಗೊತ್ತಿರ್ಲಿಲ್ಲ ಸಾರ್" ಅಂದಳು. "ಮದುವೆ ಆದಾಗಿಂದ ಹಿಂದೆ ನಾನೇ ಕೂರ್ತಿದ್ದೆ, ಯಾರೂ ಹಿಡೀಲಿಲ್ಲ."

ನಾನು ಚೀಲದ ಮಧ್ಯದಿಂದ ತಲೆ ಎತ್ತಿದೆ. "ಸಾರ್, ಗಾಡಿ ಓನರ್ ನಾನೇ."

"ಹೌದೇನಮ್ಮ? ಗಾಡಿ ಯಾರ ಹೆಸರಲ್ಲಿದೆ?"

"ನನ್ನ ಹೆಸರಲ್ಲೇ ಸಾರ್."

ಜೋಯಿಸರು ನೆನಪಾದರು.

"ಮತ್ತೆ ಇವ್ರು ಯಾರು?"

"ನಮ್ಮನೆಯವರು ಸಾರ್. ಮನುಷ್ಯರು ಬಾಡಲ್ವಂತೆ, ಅದಕ್ಕೆ ಹಿಂದೆ ಕೂರ್ಸಿದೀನಿ."

ಪೊಲೀಸಪ್ಪ ಹೆಲ್ಮೆಟ್ ಸರಿ ಮಾಡ್ಕೊಳ್ಳೋ ನೆಪದಲ್ಲಿ ಆ ಕಡೆ ತಿರುಗಿ ನಕ್ಕರು. "ಇಳೀರಿ ಸ್ವಾಮಿ, ಬಸ್ಸಲ್ಲಿ ಬನ್ನಿ. ಮದುವೆ ಹೂವು, ತಡ ಆಗೋದು ಬೇಡ. ನೀನು ಹೊರಡಮ್ಮ."

ಇಳಿದೆ. ಅವಳು ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಹೊರಟೇ ಹೋದಳು. ನಾನು ತಣಿಸಂದ್ರದ ಬಸ್ಸಿಗೆ ನೇತಾಡ್ಕೊಂಡು ಹತ್ತಿದೆ. ಆರ್ಕಿಡ್‌ಗೆ ಒಂದು ಥರ್ಮಾಕೋಲ್ ಪೆಟ್ಟಿಗೆ, ಸ್ವಲ್ಪ ಐಸ್ ಸಾಕಾಗಿತ್ತು ಅಂತ ಬಸ್ಸಲ್ಲಿ ಒಂಟಿ ಕಾಲಲ್ಲಿ ನಿಂತಾಗ ಹೊಳೀತು. ಕೂತಿದ್ದಷ್ಟು ವರ್ಷ ಹೊಳೆದಿರ್ಲಿಲ್ಲ.

ಕಲ್ಯಾಣ ಮಂಟಪ ತಲುಪಿದಾಗ ಹುಡುಗಿ ತಂದೆ ಆರ್ಕಿಡ್ ನೋಡಿ, ಮುಂದಿನ ಮಗಳ ಮದುವೆನೂ ನಿಮಗೇ ಅಂತ ನನ್ನ ಹೆಂಡತಿಗೆ ಹೇಳ್ತಿದ್ದರು. ಅವಳು ಸ್ಟೂಲ್ ಮೇಲೆ ನಿಂತು ಹೂವು ಕಟ್ತಿದ್ದಳು. ನನ್ನ ಕಡೆ ತಿರುಗದೇನೇ ಕೇಳಿದಳು.

"ಬಸ್ಸು ಹೆಂಗಿತ್ರೀ?"

"ಬೇಸಿತ್ತು."

"ಚೆನ್ನಾಗಿತ್ತು ಅಂತಾನಾ?"

"ಅಲ್ಲ ಕಣೇ" ಅಂದೆ, ಕಾಲರ್ ಒಳಗಿಂದ ಒಂದು ಚೆಂಡು ಹೂವು ತೆಗೀತಾ. "ಎ.ಸಿ. ಇಲ್ಲ, ಸೀಟೂ ಇಲ್ಲ. ಆ ಬೇಸು."