ಟೇಪು ಹಿಡಿದು ಕಡಲಿಗೆ ಹೊರಟ ಕಾಕಾ

ನಮ್ಮ ಕಾಕಾನಿಗೆ ತಲೆ ಕೆಟ್ಟಿದೆ ಎಂದು ರಾಮದುರ್ಗದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಅವರ ಅಂಗಿ ಹೊಲಿಯುವವರು ಯಾರು? ಕಾಕಾ ಆ ಓಣಿಯ ಟೇಲರ್. ಯಾರ ಹೊಟ್ಟೆ ಯಾವ ದೀಪಾವಳಿಗೆ ಎಷ್ಟು ಇಂಚು ಮುಂದೆ ಬಂತು ಎಂಬುದು ಅವನಿಗೆ ಬಾಯಿಪಾಠ. ಇಂಥವನನ್ನು ಎದುರು ಹಾಕಿಕೊಳ್ಳುವ ಧೈರ್ಯ ಯಾರಿಗಿದ್ದೀತು! ಹಾಗಾಗಿ ಆ ಮಾತನ್ನು ನಾನೇ ಹೇಳಬೇಕಾಗಿದೆ. ನಾನು ಬೈಲಹೊಂಗಲದಲ್ಲಿ ಸಾಲಿ ಮಾಸ್ತರ, ರೆಡಿಮೇಡ್ ಅಂಗಿ ತೊಡುವವನು. ನನಗೇನು ಹೆದರಿಕೆ?

ಕಾಕಾನ ಹುಚ್ಚು ಹಕ್ಕಿಗಳದು. ಮಶೀನಿನ ಪಕ್ಕದಲ್ಲೇ ಒಂದು ದುರ್ಬೀನು ಇಟ್ಟುಕೊಂಡಿದ್ದಾನೆ. ಕತ್ತರಿ ಒಂದು ಕಡೆ ನಡೆಯುತ್ತದೆ, ಕಣ್ಣು ಕಿಟಕಿಯಾಚೆಯ ಬೇವಿನ ಗಿಡದ ಮೇಲೆ. ಒಮ್ಮೆ ಒಬ್ಬರ ಪ್ಯಾಂಟಿನ ಎಡಗಾಲು ಬಲಗಾಲಿಗಿಂತ ಎರಡು ಇಂಚು ಗಿಡ್ಡವಾಯಿತು. ಅವರು ಸಿಟ್ಟಿನಿಂದ ಬಂದು ಕೇಳಿದರೆ, ಆ ಹೊತ್ತಿಗೆ ಸರಿಯಾಗಿ ಚಂದ್ರಮುಕುಟ ಹಕ್ಕಿ ಬಂದು ಕೂತಿತ್ತು ಎಂದು ಕಾಕಾ ಶಾಂತವಾಗಿ ವಿವರಿಸಿದ. ಅಷ್ಟು ಕಾರಣ ಸಾಕಲ್ಲವೇ ಎನ್ನುವ ಮುಖ!

ನನಗೆ ಕನ್ಯೆ ನೋಡಲು ಹೋದಾಗಿನ ಕಥೆ ಇನ್ನೂ ಚೆನ್ನಾಗಿದೆ. ಹುಡುಗಿ ಚಹಾ ತಟ್ಟೆ ಹಿಡಿದು ಪಡಸಾಲೆಗೆ ಬಂದಳು. ಹಿರಿಯರೆಲ್ಲ ಗಂಭೀರವಾಗಿ ಕೂತಿದ್ದಾರೆ. ಕಾಕಾ ಮಾತ್ರ ಕಿಟಕಿಯಲ್ಲಿ ದುರ್ಬೀನು ಹಿಡಿದು ನಿಂತವನು, ಎದುರು ಗೋಡೆಯ ಪೊಟರೆಯಲ್ಲಿ ಗೂಬೆ ಇದೆ, ಅದೂ ಜೋಡಿ ಇದೆ ಎಂದು ಸಾರಿಬಿಟ್ಟ. ಸಂಬಂಧ ಮಾಡುವ ಹೊತ್ತಿನಲ್ಲಿ ಗೂಬೆಯೇ? ನಮ್ಮಪ್ಪ ಕಣ್ಣು ಮುಚ್ಚಿಕೊಂಡರು, ಆ ಕಡೆಯ ಅಜ್ಜಿ ಎದ್ದು ಒಳಗೆ ಹೋದರು. ಹುಡುಗಿ ತಟ್ಟೆ ಕೆಳಗಿಟ್ಟು ಮೆಲ್ಲಗೆ ಹೇಳಿದಳು:

"ಎರಡು ಮರಿನೂ ಅದಾವ್ರಿ."

ಆಕೆಯೇ ಈಗ ನನ್ನ ಹೆಂಡತಿ. ಮನೆಯಲ್ಲಿ ಇಂದಿಗೂ ಗೂಬೆಯ ಬಗ್ಗೆ ನಾನು ಹಗುರಾಗಿ ಮಾತಾಡುವಂತಿಲ್ಲ.

ಈ ಸಲ ಚಳಿಗಾಲಕ್ಕೆ ಮೊದಲು ಕಾಕಾ ಫೋನಿನಲ್ಲಿ ಒಂದು ವಿಡಿಯೋ ನೋಡಿದ. ಹೊನ್ನಾವರದ ಹತ್ತಿರ, ಶರಾವತಿ ಕಡಲು ಸೇರುವಲ್ಲಿ, ಉಪ್ಪುನೀರಿನಲ್ಲೇ ಬೇರು ಬಿಟ್ಟು ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಜನ ಕಯಾಕ್ ನಡೆಸುತ್ತಿದ್ದರು. ಕಯಾಕ್ ಎಂದರೆ ಇಬ್ಬರು ಹಿಂದೆ ಮುಂದೆ ಕಾಲು ಚಾಚಿ ಕೂತು ಹುಟ್ಟು ಹಾಕುವ ಸಪೂರ ದೋಣಿ. ಹತ್ತಿರದಲ್ಲೇ ಬೆಳ್ಳಕ್ಕಿ, ಮಿಂಚುಳ್ಳಿ! ಕಾಕಾನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅದೇ ದಿನ ನನಗೆ ಫೋನು: ನಾನು, ನನ್ನ ಹೆಂಡತಿ ಒಂದು ದೋಣಿ, ಅವನು ಮತ್ತು ಅವನ ಹೆಂಡತಿ, ಅಂದರೆ ನಮ್ಮ ಕಾಕು, ಒಂದು ದೋಣಿ. ಕಾಕು ಬರದಿದ್ದರೆ ಅವನೂ ಹೋಗುವವನಲ್ಲ!

ತೊಡಕು ಇರುವುದೇ ಅಲ್ಲಿ. ಕೆಲವು ವರ್ಷಗಳ ಹಿಂದೆ ಮಲಪ್ರಭೆ ಉಕ್ಕಿ ಹಾಡಹಗಲೇ ಅವರ ಓಣಿಗೆ ನುಗ್ಗಿದಳು. ಅಂಗಳದಲ್ಲಿ ಎದೆಮಟ್ಟ ನೀರು. ಜನ ಮಾಳಿಗೆ ಹತ್ತಿ ಬದುಕಿಕೊಂಡರು, ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆ ಉಳಿಯಲಿಲ್ಲ. ಕಾಕು ಅದನ್ನು ಕರುವಾಗಿದ್ದಾಗಿನಿಂದ ಮಗಳಂತೆ ಸಾಕಿದ್ದಳು. ಅಂದಿನಿಂದ ಅವಳಿಗೂ ಹೊಳೆಗೂ ಮಾತಿಲ್ಲ. ಅಲ್ಲಿಯವರೆಗೆ ವರ್ಷಾ ವರ್ಷ ಹೊಳೆಗೆ ಹೋಗಿ ಖಣ, ಬಳೆ, ತೆಂಗಿನಕಾಯಿ ಇಟ್ಟು ಉಡಿ ತುಂಬಿ ಬರುತ್ತಿದ್ದವಳು ಅದನ್ನೂ ಬಿಟ್ಟಳು. ಬಸ್ಸು ಸೇತುವೆ ದಾಟುವಾಗ ಮುಖ ತಿರುಗಿಸುತ್ತಾಳೆ. ಎರಡೂ ಕಡೆ ಹೊಳೆಯೇ ಇರುವುದರಿಂದ ಕೊನೆಗೆ ಕಣ್ಣು ಮುಚ್ಚಿಕೊಳ್ಳುತ್ತಾಳೆ.

ಕಾಕಾ ಕಡಲಿನ ಸುದ್ದಿ ತೆಗೆದಾಗ ಅವಳ ಉತ್ತರ ಇಷ್ಟೇ:

"ನೀವು ಹೋಗಿ ಬರ್ರಿ. ನನಗ ಕೊಡದಾಗಿನ ನೀರು ಸಾಕು."

ಕಾಕಾ ಸೋಲುವವನೇ? ಅಂಜಿಕೆ ಹೋಗಬೇಕಾದರೆ ತಯಾರಿ ಬೇಕು ಎಂದು ತೀರ್ಮಾನಿಸಿ, ನೀರಿನಲ್ಲಿ ತೇಲಿಸುವ ಜಾಕೆಟ್ಟನ್ನು ತಾನೇ ಹೊಲಿದ. ಟಿ.ವಿ. ಡಬ್ಬಿಯ ಥರ್ಮೋಕೋಲು ಒಳಗೆ, ಹಸಿರು ಬಟ್ಟೆ ಹೊರಗೆ. ಹಕ್ಕಿಗಳು ಬೆದರಬಾರದಲ್ಲ! ದುರ್ಬೀನಿಗೊಂದು ಕಿಸೆ, ಶೇಂಗಾ ಚಟ್ನಿ ಪುಡಿಗೊಂದು ಕಿಸೆ. ಕಾಕುವಿನ ಜಾಕೆಟ್ಟಿಗೆ ಇಳಕಲ್ ಸೀರೆಯ ಕೆಂಪು ಅಂಚು ಬೇರೆ. ಅಳತೆ ಕೊಡು ಎಂದರೆ ಅವಳು ಕೊಡಲಿಲ್ಲ. ಮೂವತ್ತು ವರ್ಷ ಬ್ಲೌಸು ಹೊಲಿದವನಿಗೆ ಹೆಂಡತಿಯ ಅಳತೆ ಕೇಳಿ ತಿಳಿಯಬೇಕೆ?

ಇನ್ನು ದೋಣಿ ನಡೆಸುವ ಅಭ್ಯಾಸ. ಎಂ.ಕೆ. ಹುಬ್ಬಳ್ಳಿಯ ಹತ್ತಿರ ಕಾಕಾನ ಗೆಳೆಯನೊಬ್ಬನ ಕಬ್ಬಿನ ಹೊಲವಿದೆ. ಅಲ್ಲಿ ಕೃಷಿ ಹೊಂಡವೂ ಇದೆ, ಹಳೆಯ ಗಾಣದ ಬೆಲ್ಲ ಕಾಯಿಸುವ ಕೊಪ್ಪರಿಗೆಯೂ ಇದೆ. ಇನ್ನೇನು ಬೇಕು! ಬಿದಿರಿನ ಎರಡು ತುದಿಗೆ ಹಲಗೆ ಕಟ್ಟಿಕೊಂಡು ಕಾಕಾ ಕೊಪ್ಪರಿಗೆ ಏರಿ ಹೊಂಡಕ್ಕಿಳಿದ. ದುಂಡಗಿನ ಪಾತ್ರೆ, ಒಂದೇ ಕಡೆ ಹುಟ್ಟು ಹಾಕಿದರೆ ಏನಾದೀತು? ಗಿರಗಿರನೆ ತಿರುಗತೊಡಗಿತು. ದಂಡೆಯ ಮೇಲೊಂದು ಕೊಕ್ಕರೆ ಇತ್ತು. ಏಳನೆಯ ಸುತ್ತಿಗೆ ಕಾಕಾ, ಕೊಕ್ಕರೆಯನ್ನು ನಾಲ್ಕೂ ದಿಕ್ಕಿನಿಂದ ನೋಡಿದ್ದಾಯಿತು ಎಂದು ಕೂಗಿ ಹೇಳಿದ. ಎಂಟನೆಯ ಸುತ್ತಿಗೆ ಕೊಪ್ಪರಿಗೆ ಮಗುಚಿತು.

ಜಾಕೆಟ್ಟು ಬಹಳ ಚೆನ್ನಾಗಿ ತೇಲಿತು. ಅದರೊಳಗೆ ಕಾಕಾ ಇರಲಿಲ್ಲ. ಊಟವಾದ ಮೇಲೆ ಬಿಗಿಯಾಗಬಾರದೆಂದು ಎರಡಿಂಚು ಸಡಿಲ ಬಿಟ್ಟಿದ್ದನಂತೆ! ಪುಣ್ಯಕ್ಕೆ ಹೊಂಡದಲ್ಲಿ ಸೊಂಟಮಟ್ಟದ ನೀರು. ಎದ್ದು ನಿಂತು, ತಲೆಯಿಂದ ಪಾಚಿ ತೆಗೆದು, ಕೊಕ್ಕರೆ ಹಾರಿಹೋಯಿತಲ್ಲ ಎಂದು ಬೇಸರಪಟ್ಟ.

ಸುದ್ದಿ ಅವನಿಗಿಂತ ಮೊದಲೇ ರಾಮದುರ್ಗ ತಲುಪಿತ್ತು. ಕಾಕು ಎರಡು ದಿನ ಅವನೊಂದಿಗೆ ಮಾತು ಬಿಟ್ಟಳು. ಪ್ರವಾಸ ಮುಳುಗಿತು ಎಂದು ನಾನು ಕೈಬಿಟ್ಟೆ. ಕಾಕಾ ಬಿಡಲಿಲ್ಲ. ಹೊನ್ನಾವರದ ದೋಣಿಯವನಿಗೆ ಫೋನು ಮಾಡಿ, ಯಾವಾಗ ಬಂದರೆ ಒಳ್ಳೆಯದು ಎಂದು ಕೇಳಿದ. ಉಬ್ಬರ ನೋಡಿಕೊಂಡು ಬನ್ನಿ ಎಂದ ಆತ. ಕಡಲಿನ ನೀರು ಹೊಳೆಯೊಳಗೆ ಏರಿ ಬರುತ್ತದೆ, ಆಮೇಲೆ ಇಳಿದು ಹೋಗುತ್ತದೆ, ದಿನಕ್ಕೆ ಎರಡು ಸಲ. ನಮ್ಮ ಸೀಮೆಯ ಮನುಷ್ಯನಿಗೆ ಇದು ಎಂಥ ಸುದ್ದಿ! ಹೊಳೆ ಹೊಳ್ಳಿ ಬರುತ್ತದಂತೆ ಎಂದು ಕಾಕಾ ಬಂದ ಗಿರಾಕಿಗಳಿಗೆಲ್ಲ ಟೇಪು ಹಿಡಿದುಕೊಂಡೇ ಹೇಳಿದ. ದೋಣಿಯವನು ಕಳಿಸಿದ ಉಬ್ಬರದ ಹೊತ್ತುಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೆರಡರಂತೆ ಬರೆದಿಟ್ಟ.

ಮಾತು ಬಿಟ್ಟಿದ್ದ ಕಾಕು ಮೂರನೆಯ ದಿನ ರೊಟ್ಟಿ ಬಡಿಯುತ್ತ ತಾನಾಗಿ ಕೇಳಿದಳಂತೆ:

"ನೀರು ಬರೂದು ಮೊದಲ ಗೊತ್ತಾಗತೈತೇನು?"

"ನಿಮಿಷ ಸುದ್ದಾ ಗೊತ್ತಾಗತೈತಿ."

"ಬಂದದ್ದು ಹೊಳ್ಳಿ ಹೋಗತೈತಿ?"

"ದಿನಾ ಹೋಗತೈತಿ."

ಅಂದಿನಿಂದ ಅವಳು ಬೆಳಿಗ್ಗೆ ಎದ್ದವಳೇ ಕ್ಯಾಲೆಂಡರಿನ ಮುಂದೆ ನಿಲ್ಲತೊಡಗಿದಳು. ಈಗ ಅಲ್ಲಿ ನೀರು ಏರಿರಬೇಕು, ಈಗ ಇಳಿದಿರಬೇಕು ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುವಳು. ಒಂದು ಭಾನುವಾರ ನಾನು ಹೋದಾಗ, ಒಲೆಯ ಮುಂದೆ ದಿನಗಟ್ಟಲೆ ಕೆಡದ ಕಟಕ ರೊಟ್ಟಿಯ ರಾಶಿ ಆಳೆತ್ತರ ಬೆಳೆದಿತ್ತು. ಯಾರಿಗೆ ಇಷ್ಟೊಂದು ಎಂದು ಕೇಳಿದೆ. ಕಡಲ ದಂಡೆಯಲ್ಲಿ ಜೋಳ ಸಿಗುತ್ತದೆಯೇ ಎಂದು ನನ್ನನ್ನೇ ಗದರಿಸಿದಳು. ಕಾಕಾ ಹಿಂದಿನಿಂದ ನನಗೆ ಕಣ್ಣು ಹೊಡೆದ. ಅವನ ಖುಷಿ ನೋಡಬೇಕಿತ್ತು! ಆ ದಿನ ಹೊಲಿದ ಮೂರು ಅಂಗಿಗಳಿಗೆ ಗುಂಡಿ ಇಡುವುದನ್ನೇ ಮರೆತಿದ್ದ.

ಕಡೆಗೂ ಹೊರಟೆವು. ಸವದತ್ತಿ ದಾಟುವುದರೊಳಗೆ ಕಾಕಾ ಹಕ್ಕಿಗಳಿಗಾಗಿ ನಾಲ್ಕು ಸಲ ಗಾಡಿ ನಿಲ್ಲಿಸಿದ. ಘಟ್ಟ ಇಳಿದಂತೆ ಸೆಕೆ ಏರಿತು, ಜೊತೆಗೆ ಅವನ ಮಾತೂ. ಕಯಾಕ್ ಹೇಗೆ ಹತ್ತಬೇಕು, ಹೇಗೆ ಕೂರಬೇಕು, ಹುಟ್ಟು ಯಾವ ಕೋನದಲ್ಲಿ ಹಿಡಿಯಬೇಕು ಎಂದು ದಾರಿಯುದ್ದಕ್ಕೂ ಪಾಠ.

ಮರುದಿನ ಬೆಳಿಗ್ಗೆ ಉಬ್ಬರ ತುಂಬುವ ಹೊತ್ತಿಗೆ ದೋಣಿ ಹತ್ತುವ ದಕ್ಕೆಯಲ್ಲಿ ನಿಂತಿದ್ದೆವು. ಬಾಡಿಗೆ ಜಾಕೆಟ್ಟು ಹಾಕಲೇಬೇಕೆಂದು ದೋಣಿಯವನು ಹಟ ಹಿಡಿದಿದ್ದರಿಂದ ಕಾಕು ಅದರ ಮೇಲೆ ಕಾಕಾ ಹೊಲಿದದ್ದನ್ನೂ ತೊಟ್ಟಿದ್ದಳು. ನೀರನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು. ನೀರು ಇಳಿಯಲು ಇನ್ನೂ ಹೊತ್ತಿದೆಯಲ್ಲ ಎಂದು ದೋಣಿಯವನನ್ನು ಕೇಳಿ ಖಚಿತ ಮಾಡಿಕೊಂಡಳು. ಸೀರೆ ಎತ್ತಿ ಕಟ್ಟಿ, ದೋಣಿಯವನ ಭುಜ ಹಿಡಿದು, ಮುಂದಿನ ಜಾಗದಲ್ಲಿ ಕೂತೇಬಿಟ್ಟಳು! ನಾನು ಚಪ್ಪಾಳೆ ತಟ್ಟಿದೆ. ಕಾಕಾ ತಟ್ಟಲಿಲ್ಲ. ದಕ್ಕೆಯ ಹಲಗೆಯ ಅಂಚಿಗೆ ಬಂದು ನಿಂತವನು ಅಲ್ಲೇ ನಿಂತುಬಿಟ್ಟಿದ್ದ. ಇಷ್ಟೆಲ್ಲ ಪಾಠ ಹೇಳಿದವನಿಗೆ ಕಾಲೇ ಏಳುತ್ತಿಲ್ಲ ಎಂದು ನಗಲು ಹೊರಟವನು, ಅವನ ಮುಖ ನೋಡಿ ನಗು ನುಂಗಿಕೊಂಡೆ.

ಅವನು ಕಾಕುವಿನ ಬೆನ್ನಿಗೆ ಹೇಳಿದ:

"ಅವತ್ತು ನಾ ಮೊದಲ ಮಶೀನ್ ಹೊತ್ತು ಮಾಳಗಿ ಮ್ಯಾಲೆ ಇಟ್ಟು ಬಂದೆ. ಎಮ್ಮಿ ಕಡೆ ಆಮ್ಯಾಲೆ ಹೋದೆ. ಅಷ್ಟರಾಗ ನೀರು ಏರಿ ಹಗ್ಗ ಕೈಗೆ ಸಿಗಲಿಲ್ಲ."

ಇಷ್ಟು ವರ್ಷ ನಮ್ಮಲ್ಲಿ ಯಾರಿಗೂ ಹೇಳದ ಮಾತು ಇದು. ಕಾಕು ತಿರುಗಿ ನೋಡಲಿಲ್ಲ.

"ಗೊತ್ತೈತಿ," ಎಂದಳು. "ಅವತ್ತ ನೋಡೇನಿ. ಆ ಮಶೀನ ಇರಲಿಲ್ಲಂದ್ರ ನಾವು ಏನ್ ಉಣ್ಣತಿದ್ವಿ? ಬಂದು ಕುಂದರ್ರಿ."

ಹಾಗೆಂದು ಒಂದು ಕೈಯನ್ನು ಹಿಂದಕ್ಕೆ ಚಾಚಿದಳು. ಕಾಕಾ ಅದನ್ನು ಹಿಡಿದು ಇಳಿದು ಕೂತ. ದೋಣಿ ಒಮ್ಮೆ ಓಲಾಡಿ ನೆಟ್ಟಗಾಯಿತು. ಅವರ ಹುಟ್ಟುಗಳು ಒಂದಕ್ಕೊಂದು ಬಡಿದು, ಆಮೇಲೆ ಹೇಗೋ ಹೊಂದಿಕೊಂಡವು; ದೋಣಿ ಕಾಂಡ್ಲಾ ಗಿಡಗಳ ಕಡೆ ಹೊರಟಿತು. ಹಿಂದಿನ ದೋಣಿಯಲ್ಲಿದ್ದ ನನಗೆ ಸುಮ್ಮಸುಮ್ಮನೆ ಅಳು ಬರುತ್ತಿತ್ತು.

ಆಗಲೇ ನನ್ನ ಹೆಂಡತಿ ಮೇಲೆ ಕೈ ತೋರಿಸಿದಳು. ಬಿಳಿ ಎದೆಯ ದೊಡ್ಡ ಕಡಲ ಹದ್ದೊಂದು ರೆಕ್ಕೆ ಬಿಚ್ಚಿ ನಮ್ಮ ತಲೆಯ ಮೇಲೇ ಸುತ್ತುತ್ತಿತ್ತು. ಕಾಕಾ, ಮೇಲೆ ನೋಡು ಎಂದು ನಾನು ಎರಡು ಸಲ ಕೂಗಿದೆ. ಅವನು ತಲೆ ಎತ್ತಲಿಲ್ಲ, ಕಾಕುವಿನ ಬೆನ್ನನ್ನೇ ನೋಡುತ್ತ ಹುಟ್ಟು ಹಾಕುತ್ತಿದ್ದ.